ರಾಜಧಾನಿಯ ದೂರ

ಎರಡು ಊರುಗಳ ನಡುವಣ ದೂರವೆಷ್ಟೆಂದು ಕೇಳಿದರೆ ಅದಕ್ಕೆ ಒಂದೇ ಉತ್ತರವಿರಬೇಕೆಂದು ಮೇಲುನೋಟಕ್ಕೆ ತೋರುವುದು. ತುಸು ವಿಚಾರಮಾಡಿದರೆ ಉತ್ತರಗಳು ಮೂರಾಗುವುವು. ಗಗನದಲ್ಲಿ ಹಾರುವ ಹಕ್ಕಿಗೆ ಒಂದು ದೂರ. ಹಳ್ಳ ಹೊಳೆ ಬೆಟ್ಟಗಳನ್ನು ಬಳಸಿ ನೆಲದ ಮೇಲೆ ನಡೆಯುವವನಿಗೆ ಇನ್ನೊಂದು ದೂರ. ಆ ನಡೆಗೆ ಹಿಡಿಯುವ ಹೊತ್ತಿನಿಂದ ಎಣಿಸಿದರೆ ಮೂರನೆಯದೊಂದು ದೂರ. ಮೊದಲನೆಯದು ಭೂಮಿಯಿರುವ ತನಕ ಬದಲಾಗದು. ಎರಡನೆಯದು ಸೇತುವೆ ರಸ್ತೆಗಳಾದಂತೆ ಅಷ್ಟಿಷ್ಟು ಬದಲಾಗುವುದು. ಮೂರನೆಯದಾದರೋ ತಲೆಮಾರಿನಿಂದ ತಲೆಮಾರಿಗೆ ಹೊಸ ರೂಪವನ್ನು ತಾಳುವುದು. ರಾಜ್ಯಗಳ ಏಳುಬೀಳುಗಳಲ್ಲಿಯೂ ಪ್ರಜೆಗಳ ಸುಖದುಃಖಗಳಲ್ಲಿಯೂ ಹೆಚ್ಚಾಗಿ ಕೆಲಸಮಾಡಿರುವುದು ಈ ಮೂರನೆಯ ದೂರವೇ ಎಂಬುದನ್ನು ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯ ಚರಿತ್ರೆಯಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಸೀಮೆಯನ್ನು ಆಳಿದ ರಾಜಧಾನಿಗಳು ಹಲವು. ಅವುಗಳಿಂದ ಇದು ಎಷ್ಟು ದೂರವಿತ್ತು, ಆ ದೂರದಿಂದ ಏನೇನಾಯಿತು ಎಂಬುದೇ ಇಲ್ಲಿಯ ವಿಷಯ.

ನಮ್ಮ ಹಿರಿಯರಿಗೆ ಗಗನದ ದೂರದಿಂದ ಪ್ರಯೋಜನವಿರಲಿಲ್ಲ. ಆದುದರಿಂದ ಅವರ ಮಾತುಗಳೆಲ್ಲ ಮನುಷ್ಯನ ಮೈಯಿಂದಲೂ ಹೊತ್ತಿನಿಂದಲೂ ಹುಟ್ಟಿದವು. ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ಅಂತರ ಕೂಗಳತೆ. ಸುಮಾರು ಮೂರು ಮೈಲಿಗಳ ದಾರಿ ಹರದಾರಿ. ದಂಡು ಅಥವಾ ಬಂಡಿಗಳ ಸಾಲು ಒಂದು ದಿನ ನಡೆದು ಬೀಡುಬಿಡುವ ತಾಣದವರೆಗೆ ಒಂದು ಮಜಲು. ಎತ್ತಿನ ಬಂಡಿ ದಿನಕ್ಕೆ ಐದು ಹರದಾರಿ ನಡೆದರೆ ಅದು ಒಳ್ಳೆಯ ನಡೆಯೇ ಸರಿ. ಮಳೆಗಾಲದಲ್ಲಿ ಎರೆಭೂಮಿಯ ಕೆಸರು ಗಾಲಿಗಳನ್ನು ಹಿಡಿದರೆ ಅದೇ ಹರದಾರಿ ಎರಡು ಮೂರು ಪಟ್ಟು ಹಿಗ್ಗುವುದು. ಈ ಭೇದವನ್ನು ಬಲ್ಲವರಾಗಿದ್ದುದರಿಂದಲೇ ಹಳೆಯ ಜನರು ಊರಿನ ದೂರವನ್ನು ಹೇಳುವಾಗ ಎಷ್ಟು ದಿನದ ದಾರಿ ಎಂದು ಹೇಳುತ್ತಿದ್ದರು.

ನೇರ ಅಂತರವನ್ನು ನಿಷ್ಕೃಷ್ಟವಾಗಿ ಅಳೆಯುವ ಕಾರ್ಯ ದಕ್ಷಿಣದೇಶದಲ್ಲಿ ಆರಂಭವಾದುದು 1802ರಲ್ಲಿ. ಆ ವರುಷ ವಿಲಿಯಮ್ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮದ್ರಾಸಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದನು. ಒಂದು ಭುಜದ ಉದ್ದವೂ ಎರಡು ಕೋನಗಳೂ ತಿಳಿದರೆ ತ್ರಿಕೋನದ ಉಳಿದ ಭುಜಗಳು ಗಣಿತದಿಂದ ದೊರೆಯುವುವು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿಯನ್ನು ಹಾಯಿಸುತ್ತ, ತ್ರಿಕೋನಕ್ಕೆ ತ್ರಿಕೋನವನ್ನು ಜೋಡಿಸುತ್ತ, ಹೊಳೆಯನ್ನು ದಾಟದೆಯೇ ಹೊಳೆಯಾಚೆಯ ದೂರವನ್ನು ಅರಿಯಬಹುದು. ಈ ಅಳತೆ ಬೆಂಗಳೂರು, ಗುತ್ತಿಗಳ ಮೂಲಕ ಉತ್ತರಕ್ಕೆ ಸಾಗಿ, 1815ರಲ್ಲಿ ಬೀದರಿನ ಬಳಿಯ ದಾಮರಗಿದ್ದದಲ್ಲಿ ಮತ್ತೊಂದು ಆಧಾರರೇಖೆಯನ್ನು ಕಂಡಿತು. ಊರುಗಳ ಅಕ್ಷಾಂಶ ರೇಖಾಂಶಗಳು ತಿಳಿದ ಮೇಲೆ ನೇರ ಅಂತರವನ್ನು ಯಾರಾದರೂ ಗಣಿಸಬಹುದು. ನಮ್ಮ ಪ್ರಾಂತದಲ್ಲಿ ಒಂದು ಅಕ್ಷಾಂಶದ ಅಂತರ ಸುಮಾರು 110.7 ಕಿಲೋಮೀಟರು; ಒಂದು ರೇಖಾಂಶದ ಅಂತರ ಸುಮಾರು 106.5 ಕಿಲೋಮೀಟರು. ಈ ಲೇಖನದಲ್ಲಿ ಕೊಟ್ಟಿರುವ ನೇರ ಅಂತರಗಳೆಲ್ಲ ಹೀಗೆ ಗಣಿಸಿದವು. ಒಂದೆರಡು ಕಿಲೋಮೀಟರುಗಳ ಹೆಚ್ಚು ಕಡಿಮೆಯನ್ನು ವಾಚಕರು ಮನ್ನಿಸಬೇಕು.

ಸುರಪುರವನ್ನು ಕೇಂದ್ರವಾಗಿಟ್ಟುಕೊಂಡು ರಾಜಧಾನಿಗಳ ದೂರವನ್ನು ನೋಡೋಣ. ರಾಷ್ಟ್ರಕೂಟರ ಮಾನ್ಯಖೇಟ, ಎಂದರೆ ಕಾಗಿಣಾ ತೀರದ ಇಂದಿನ ಮಳಖೇಡ, ಸುರಪುರಕ್ಕೆ ನೇರವಾಗಿ ಸುಮಾರು 86 ಕಿಲೋಮೀಟರು. ಯಾದಗಿರಿಗಾದರೆ ಬಡಗಲಿಗೆ ಕೇವಲ 48. ಚಾಲುಕ್ಯರ ಕಲ್ಯಾಣ 150. ಬಹಮನಿಯರು ಮೊದಲು ಆಳಿದ ಕಲಬುರ್ಗಿ 90. ಅವರು ಅನಂತರ ಸೇರಿದ ಬೀದರು 174. ಆದಿಲಶಾಹಿಯ ವಿಜಾಪುರ 117. ನಿಜಾಮರ ಹೈದರಾಬಾದು 207. ಇಂದಿನ ಬೆಂಗಳೂರು 403. ಈ ಸಂಖ್ಯೆಗಳನ್ನು ಒಂದು ಸಾಲಿನಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುವುದು. ಒಂದು ಕಾಲಕ್ಕೆ ಈ ಸೀಮೆ ರಾಜಧಾನಿಗಳ ನೆರೆಯಲ್ಲಿತ್ತು. ಕಾಲಕಳೆದಂತೆ ರಾಜಧಾನಿ ಇದರಿಂದ ದೂರ ದೂರ ಸರಿಯಿತು. ಸುರಪುರದ ಬೆಟ್ಟವಾಗಲಿ ಯಾದಗಿರಿಯ ಕೋಟೆಯಾಗಲಿ ಇದ್ದಲ್ಲಿಂದ ಅಂಗುಲವೂ ಕದಲಲಿಲ್ಲ. ನಡುವಿನಲ್ಲಿದ್ದ ನಾಡು ಅಂಚಿನ ನಾಡಾಯಿತು.

ಅಂಚಿನ ನಾಡಾಗುವುದು ಯಾವಾಗಲೂ ಕೇಡೆಂದು ಹೇಳಲಾಗದು. ತೆಂಕಲಿಗೆ ಕೃಷ್ಣೆ, ಬಡಗು ಮೂಡಲಿಗೆ ಭೀಮೆ, ನಡುವೆ ಹಾಸುಬಂಡೆಗಳ ಗುಡ್ಡಗಳು. ಹೀಗಿರುವ ಶಹಾಪುರ ಸುರಪುರಗಳ ನೆಲಕ್ಕೆ ಎರಡು ಹೊಳೆಗಳೂ ಮಳೆಗಾಲದಲ್ಲಿ ಕಂದಕಗಳಾಗುತ್ತಿದ್ದುವು. ಹರಿಗೋಲಿನ ಹೊರತು ಗತಿಯಿಲ್ಲದ ಆ ತಿಂಗಳುಗಳಲ್ಲಿ ರಾಜಧಾನಿಯ ಅಪ್ಪಣೆ ಹೊಳೆಯಾಚೆಯೇ ನಿಲ್ಲುತ್ತಿತ್ತು. ಬೇಡರ ನಾಯಕರು ಇಲ್ಲಿ ತಲೆಯೆತ್ತಿ ಬಹುಕಾಲ ತಮ್ಮ ಆಳ್ವಿಕೆಯನ್ನು ಉಳಿಸಿಕೊಂಡುದಕ್ಕೆ ಅವರ ಶೌರ್ಯವು ಮುಖ್ಯ ಕಾರಣವೆಂಬುದು ನಿಜ. ಆದರೆ ಆ ಶೌರ್ಯಕ್ಕೆ ದಾರಿಯ ಕಾಲವೂ ಬೆಂಬಲವಾಗಿ ನಿಂತಿತ್ತು. ಇದಕ್ಕೆ ಒಳ್ಳೆಯ ನಿದರ್ಶನ ವಾಗಿನಗೇರಿಯ ಮುತ್ತಿಗೆ.

ಸುರಪುರದ ಸಮೀಪದ ವಾಗಿನಗೇರಿಯನ್ನು ಪಿಡ್ಡನಾಯಕನಿಂದ ಕಸಿಯುವುದಕ್ಕಾಗಿ ಔರಂಗಜೇಬ ಬಾದಶಹನು 1705ರ ಫೆಬ್ರುವರಿಯಲ್ಲಿ ತಾನೇ ದಂಡು ತೆಗೆದುಕೊಂಡು ಬಂದನು. ಆಗ ಅವನಿಗೆ ಎಂಬತ್ತಾರು ವರುಷ ಮೀರಿತ್ತು. ಮರಾಠರ ನೆರವೂ ಇದ್ದುದರಿಂದ ಕೋಟೆ ಬೇಗನೆ ಕೈಸೇರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಮೊಗಲರು ಒಳಹೊಕ್ಕಾಗ ನಾಯಕನು ತನ್ನವರೊಡನೆ ಪಾರಾಗಿದ್ದನು. ಬಾದಶಹನು ತಾನೇ ಮುಂದೆ ನಿಂತು ನಡೆಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಅನಂತರ ಅವನು ಕೃಷ್ಣಾ ತೀರದ ದೇವಾಪುರದಲ್ಲಿ ಬೀಡುಬಿಟ್ಟು, ಅಲ್ಲಿಯೇ ಕಾಯಿಲೆ ಬಿದ್ದು, ಮಳೆಗಾಲವನ್ನು ಕಳೆದನು. ಅಕ್ಟೋಬರಿನಲ್ಲಿ ಪಲ್ಲಕ್ಕಿಯೇರಿ ಹೊರಟವನು ಅಹಮದನಗರವನ್ನು ಮುಟ್ಟಿದುದು 1706ರ ಜನವರಿಯಲ್ಲಿ. ನೇರವಾಗಿ ಎಣಿಸಿದರೆ ಆ ಅಂತರ ಸುಮಾರು 360 ಕಿಲೋಮೀಟರು. ನಡುದಾರಿಯಲ್ಲಿ ರಂಜಾನಿಗಾಗಿ ಹಲವು ವಾರ ತಂಗಿದುದನ್ನು ಬಿಟ್ಟರೂ ಒಂದೂವರೆ ತಿಂಗಳಿಗೆ ಕಡಿಮೆಯಿಲ್ಲದಷ್ಟು ಕಾಲ ದಾರಿಯಲ್ಲಿಯೇ ಕಳೆಯಿತು. ಭರತಖಂಡದ ಬಹುಭಾಗದ ಒಡೆಯನಾದವನಿಗೆ ಆಳುಗಳಿಗೆ ಕೊರತೆಯಿರಲಿಲ್ಲ, ಕೊರತೆಯಾದುದು ಹೊತ್ತು. ದಂಡು ದೊಡ್ಡದಾದಷ್ಟೂ ನಡೆ ಮೆಲ್ಲಗಾಗುವುದು. ಅವನ ದಂಡು ಹಿಂದಿರುಗಿದ ಮೇಲೆ ನಾಯಕರು ಮತ್ತೆ ತಮ್ಮ ನೆಲದಲ್ಲಿ ನೆಲೆಯೂರಿದರು; ಮುಂದೆ ಸುರಪುರವೇ ಅವರ ರಾಜಧಾನಿಯಾಯಿತು.

ಹದಿನೆಂಟನೆಯ ಶತಮಾನದಲ್ಲಿ ಸುರಪುರಕ್ಕೆ ಕಪ್ಪವನ್ನು ಕೇಳುವವರು ಇಬ್ಬರಾದರು. ಒಂದು ಕಡೆ ಹೈದರಾಬಾದು; ಇನ್ನೊಂದು ಕಡೆ ನೇರವಾಗಿ 380 ಕಿಲೋಮೀಟರು ದೂರದ ಪುಣೆ. ದೂರದ ಇಬ್ಬರು ಒಡೆಯರ ನಡುವೆ ಹತ್ತಿರದ ನಾಯಕನಿಗೆ ಅಷ್ಟು ಸ್ವಾತಂತ್ರ್ಯವುಳಿದುದು ಸಹಜ. ಇದು ಮಾರ್ಪಟ್ಟುದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲಿಷರ ಜಾಣತನವೆಂದರೆ, ರಾಜಧಾನಿ ದೂರವಿದ್ದರೂ ತಮ್ಮ ಕಾವಲು ದಂಡುಗಳನ್ನು ಹತ್ತಿರ ಇಟ್ಟುದು. ಸುರಪುರಕ್ಕೆ ಲಿಂಗಸುಗೂರಿನ ದಂಡಿನ ಠಾಣೆ ನೇರವಾಗಿ 47 ಕಿಲೋಮೀಟರು, ದೇವದುರ್ಗ 21. ಇವೆರಡಕ್ಕೂ ಸುರಪುರಕ್ಕೂ ನಡುವೆ ಕೃಷ್ಣೆಯಿದ್ದರೂ ಬೇಸಿಗೆಯ ಹೊಳೆ ದಂಡಿಗೆ ದೊಡ್ಡ ತಡೆಯಲ್ಲ.

1841ರಲ್ಲಿ ಇಲ್ಲಿಗೆ ಬಂದ ಮೆಡೋಸ್ ಟೇಲರನು 1853ರ ವರೆಗೆ ಸುರಪುರದಲ್ಲಿದ್ದನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದು ಹೆಸರಾಗಿದೆ. ಎಳೆಯ ಅರಸು ವೆಂಕಟಪ್ಪ ನಾಯಕನು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನಂತೆ. ಟೇಲರನು ಬೇರೆ ಕೆಲಸದ ಮೇಲೆ ತೆರಳಿದ ಕೆಲವು ವರುಷಗಳಿಗೆ 1857ರ ಸಂಗ್ರಾಮ ಬಂದಿತು. 1858ರ ಫೆಬ್ರುವರಿ 7ರ ರಾತ್ರಿ ಲಿಂಗಸುಗೂರಿನಿಂದ ಬಂದಿದ್ದ ದಂಡಿನ ಮೇಲೆ ಬೇಡರು ಸುರಪುರದ ಬಳಿ ಬಿದ್ದರು. ಮರುದಿನವೇ ದೇವದುರ್ಗದಿಂದ ಕರ್ನಲ್ ಹ್ಯೂಸನ ದಂಡು ಬಂದು ಕೂಡಿಕೊಂಡಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಇಂಗ್ಲಿಷ್ ಅಧಿಕಾರಿ ಕಾದಾಟದಲ್ಲಿ ಮಡಿದನಾದರೂ ಅರಸನಿಗೆ ಕೋಟೆಯಲ್ಲಿ ನಿಲ್ಲುವಂತಿರಲಿಲ್ಲ. ಕುದುರೆಯೇರಿ ಕೆಲವರೊಡನೆ ಅವನು ಹೈದರಾಬಾದಿಗೆ ಓಡಿದನು.

ಇಲ್ಲಿ ದೂರಗಳ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಶತ್ರುವಿನ ಸಹಾಯ ಒಂದು ರಾತ್ರಿಯ ದಾರಿಯಲ್ಲಿತ್ತು. ಅರಸನು ಆಸರೆ ಬಯಸಿದ ಹೈದರಾಬಾದು ಹಲವು ದಿನದ ಕುದುರೆ ದಾರಿ. ಅದೇ ವರುಷ ಇಂಗ್ಲಿಷರ ಮೇಲೆ ಎದ್ದ ನರಗುಂದ ಸುರಪುರಕ್ಕೆ ನೇರವಾಗಿ 172 ಕಿಲೋಮೀಟರು. ಅಲ್ಲಿಯ ಬಾಬಾಸಾಹೇಬನು ಎದ್ದುದು ಮೇ ತಿಂಗಳ ಕೊನೆಗೆ, ಎಂದರೆ ಸುರಪುರ ಬಿದ್ದು ಮೂರು ತಿಂಗಳು ಕಳೆದ ಮೇಲೆ. ಎರಡು ಸಂಸ್ಥಾನಗಳು ಒಂದೇ ದಿನ ಏಳದೆ ಹೋದುದಕ್ಕೆ ಕಾರಣಗಳು ಹಲವಿರಬಹುದು. ಗುಟ್ಟಿನ ಸುದ್ದಿ ಕಾಲುನಡಿಗೆಯಲ್ಲಿ ಹೋಗಿ ಬರಬೇಕಾಗಿದ್ದುದು ಅವುಗಳಲ್ಲಿ ಒಂದೆಂದು ಊಹಿಸುವುದು ತಪ್ಪಾಗಲಾರದು. ಹೈದರಾಬಾದಿನಲ್ಲಿ ವೆಂಕಟಪ್ಪ ನಾಯಕನು ಸೆರೆಸಿಕ್ಕನು. ಮರಣದಂಡನೆಯು ಮೊದಲು ಆಜೀವ ಗಡೀಪಾರಿಗೂ, ಆಮೇಲೆ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರುಷಗಳ ಸೆರೆಗೂ ಇಳಿಯಿತು. ಆದರೆ ಚೆಂಗಲ್ಪಟ್ಟನ್ನು ಅವನು ಕಾಣಲಿಲ್ಲ. ಹೈದರಾಬಾದನ್ನು ಬಿಟ್ಟು ಬಹುದೂರ ಹೋಗುವ ಮೊದಲೇ, ದಾರಿಯ ಬೀಡಿನಲ್ಲಿ, ಪಿಸ್ತೂಲಿನ ಗುಂಡಿನಿಂದ ಅಸುನೀಗಿದನು. ತನ್ನ ಕೈಯಿಂದಲೇ ಎಂದು ಟೇಲರನ ಬರಹ ಹೇಳುವುದು; ನಾಡಿನಲ್ಲಿ ಇದನ್ನು ನಂಬದವರೂ ಉಂಟು. ಮುಂದೆ 1860ರ ಒಪ್ಪಂದದಂತೆ ಸುರಪುರ ಸಂಸ್ಥಾನವು ನಿಜಾಮರ ರಾಜ್ಯಕ್ಕೆ ಸೇರಿತು. ನಾಯಕರ ರಾಜಧಾನಿಯಾಗಿದ್ದ ಊರು 207 ಕಿಲೋಮೀಟರು ದೂರದ ರಾಜಧಾನಿಯ ಅಪ್ಪಣೆಗೆ ಕಾಯುವ ಊರಾಯಿತು.

ಇನ್ನು ಉಗಿಬಂಡಿಯ ಕಾಲ. ಮುಂಬಯಿಯಿಂದ ಆಗ್ನೇಯಕ್ಕೆ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಕಬ್ಬಿಣದ ದಾರಿ 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. 1871ರಲ್ಲಿ ಕಲಬುರ್ಗಿ, ವಾಡಿ, ಯಾದಗಿರಿಗಳನ್ನು ಹಾದು, ಭೀಮೆ ಕೂಡಿದ ಕೆಳಗೆ ಕೃಷ್ಣೆಯನ್ನು ದಾಟಿ, ರಾಯಚೂರಿನಲ್ಲಿ ಮದ್ರಾಸಿನ ದಾರಿಯೊಡನೆ ಕೂಡಿಕೊಂಡಿತು. ಮೂರು ವರುಷಗಳ ಮೇಲೆ, 1874ರಲ್ಲಿ, ನಿಜಾಮ ಸರಕಾರದ ಹೊಣೆಯ ಮೇಲೆ ವಾಡಿಯಿಂದ ಸಿಕಂದರಾಬಾದಿಗೆ ಕವಲುದಾರಿ ತೆರೆಯಿತು. ಯಾದಗಿರಿಯಿಂದ ಮುಂಬಯಿ ನೇರವಾಗಿ ಸುಮಾರು 515 ಕಿಲೋಮೀಟರು, ರೈಲಿನ ದಾರಿಯಲ್ಲಿ ಸುಮಾರು 650. ಎತ್ತಿನ ಬಂಡಿಗೆ ತಿಂಗಳ ದಾರಿಯಾಗಿದ್ದುದು, ಗಂಟೆಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ನಡೆಯುವ ಬಂಡಿಗೂ ಒಂದು ಹಗಲು ಒಂದು ರಾತ್ರಿಯ ದಾರಿಯಾಯಿತು. ಈ ಮಾರ್ಪಾಡನ್ನು ಕಣ್ಣಾರೆ ಕಂಡವರಿಗೆ ಲೋಕವೇ ಕುಗ್ಗಿದಂತೆ ತೋರಿರಬೇಕು.

ಲೋಕ ಕುಗ್ಗಿದುದು ನಿಜ. ಆದರೆ ಎಲ್ಲರಿಗೂ ಸಮನಾಗಿ ಕುಗ್ಗಲಿಲ್ಲ. ಕಬ್ಬಿಣದ ದಾರಿ ಭೀಮೆಯ ಮೂಡಲ ದಂಡೆಯನ್ನು ಹಿಡಿದುಹೋಯಿತು. ಶಹಾಪುರ ಸುರಪುರಗಳು ಪಡುವಲ ದಂಡೆಯಲ್ಲಿ ಉಳಿದುವು. ಸುರಪುರದಿಂದ ಯಾದಗಿರಿ ನೇರವಾಗಿ 49 ಕಿಲೋಮೀಟರು; ಶಹಾಪುರದಿಂದ 33. ಸುರಪುರದ ಬಂಡಿಗೆ ಇದು ಎರಡು ದಿನದ ದಾರಿ. ಯಾದಗಿರಿಯ ಅಂಚಿನಲ್ಲಿ ಭೀಮೆ ತುಂಬಿ ಹರಿದರಂತೂ ಎಷ್ಟು ದಿನವೆಂದು ಹೇಳಬಲ್ಲವರು ಅಂಬಿಗರು ಮಾತ್ರ. ಯಾದಗಿರಿಯ ನಿಲ್ದಾಣದಲ್ಲಿ ಬಂಡಿ ಹತ್ತಿದವನೂ ನೆಟ್ಟಗೆ ಹೈದರಾಬಾದಿಗೆ ಹೋಗುವಂತಿಲ್ಲ. ಮೊದಲು ವಾಯವ್ಯಕ್ಕೆ ವಾಡಿಯವರೆಗೆ ಹೋಗಿ, ಅಲ್ಲಿಂದ ಮೂಡಲಿಗೆ ತಿರುಗಬೇಕು. ನೇರವಾಗಿ 159 ಕಿಲೋಮೀಟರು ಇರುವ ಅಂತರಕ್ಕೆ ಅವನು 200ಕ್ಕೂ ಮಿಕ್ಕಿದ ದಾರಿಯನ್ನು ಸವೆಸಬೇಕು. ಹೀಗಿದ್ದರೂ ಅವನು ಒಂದು ದಿನದೊಳಗೆ ರಾಜಧಾನಿಯನ್ನು ಮುಟ್ಟುತ್ತಿದ್ದನು. ಸುರಪುರದ ರೈತನಿಗಾದರೋ ನಿಲ್ದಾಣದ ತನಕದ ಕಾಲುಪಾಲು ದಾರಿಗೆ, ಉಳಿದ ಮುಕ್ಕಾಲು ದಾರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ನಾಯಕರ ಕಾಲದಲ್ಲಿ ಮೂರೂ ಊರುಗಳಲ್ಲಿ ಸುರಪುರವೇ ಹಿರಿದು. ಉಗಿಬಂಡಿಯ ಕಾಲದಲ್ಲಿ ಯಾದಗಿರಿಯೇ ಬಾಗಿಲಾಯಿತು. ಊರುಗಳ ಮೇಲುಕೀಳುಗಳನ್ನು ಅರಸರು ಮಾತ್ರವೇ ಅಲ್ಲ, ಕಬ್ಬಿಣದ ದಾರಿಯನ್ನು ಎಳೆದ ಇಂಜಿನಿಯರರೂ ಬರೆದಿದ್ದಾರೆ. ಆಲಮಟ್ಟಿಯಿಂದ ಸುರಪುರ ಶಹಾಪುರಗಳ ಮೇಲೆ ಯಾದಗಿರಿಗೆ ರೈಲು ಬರಬೇಕೆಂಬ ಕೋರಿಕೆ ಬಹುಕಾಲದ್ದು. ಆದರೂ ಈ ಎರಡು ಊರುಗಳು ಉಗಿಬಂಡಿಯ ಯುಗ ಕಳೆದು ವಿದ್ಯುತ್ತಿನ ಯುಗ ಬಂದ ಮೇಲೆಯೂ ರೈಲನ್ನು ಕಂಡಿಲ್ಲ.

1932ನೆಯ ಇಸವಿ ಈ ವಿಚಾರದಲ್ಲಿ ನೆನಪಿಡತಕ್ಕ ವರುಷ. ಆ ವರುಷ ನಿಜಾಮರ ರೈಲ್ವೆ ಇಲಾಖೆ 27 ಮೋಟಾರು ಬಸ್ಸುಗಳಿಂದ ಸರಕಾರಿ ರಸ್ತೆ ಸಾರಿಗೆಯನ್ನು ಆರಂಭಿಸಿತು. ಅದೇ ವರುಷ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆಯ ವಿಮಾನ ಟಪ್ಪಾಲು ಕರಾಚಿಯಿಂದ ಹೊರಟು, ಮುಂಬಯಿಯವರೆಗೆ ಜೆ. ಆರ್. ಡಿ. ಟಾಟಾ ಅವರಿಂದಲೂ, ಮುಂದೆ ನೆವಿಲ್ ವಿನ್ಸೆಂಟರಿಂದಲೂ ನಡೆಸಲ್ಪಟ್ಟು, ಬಳ್ಳಾರಿಯಲ್ಲಿ ಇಳಿದು ಮದ್ರಾಸನ್ನು ಸೇರಿತು. ಬಳ್ಳಾರಿ ಸುರಪುರಕ್ಕೆ ನೇರವಾಗಿ ಸುಮಾರು 154 ಕಿಲೋಮೀಟರು. 1946ರಲ್ಲಿ ನಿಜಾಮ ಸರಕಾರವೂ ಟಾಟಾ ಸಂಸ್ಥೆಯೂ ಕೂಡಿ ನಡೆಸಿದ ಡೆಕ್ಕನ್ ಏರ್‌ವೇಸ್ ಹೈದರಾಬಾದಿನಿಂದ ವಿಮಾನಗಳನ್ನು ಹಾರಿಸತೊಡಗಿತು. 1953ರಲ್ಲಿ ಅದು ರಾಷ್ಟ್ರೀಕರಣದಲ್ಲಿ ಲೀನವಾಯಿತು. ಲ್ಯಾಂಬ್ಟನ್ನನ ತ್ರಿಕೋನಗಳಲ್ಲಿ ಮಾತ್ರ ಇದ್ದ ಗಗನದ ನೇರ ಅಂತರವು ಹೀಗೆ ಮೊದಲ ಬಾರಿಗೆ ಮನುಷ್ಯನು ಸಂಚರಿಸುವ ದಾರಿಯಾಯಿತು. ಸಾಮಾನ್ಯ ಜನರಿಗೆ ಆ ಕಾಲದಲ್ಲಿ ಪ್ರಯೋಜನವಾದುದು ಮಾತ್ರ ಗಗನದ ವಿಮಾನವಲ್ಲ, ಧೂಳೆಬ್ಬಿಸಿಕೊಂಡು ಬರುತ್ತಿದ್ದ ಮೋಟಾರು ಬಸ್ಸು.

1948ರ ಸೆಪ್ಟೆಂಬರ್ 13ರಿಂದ 17ರ ವರೆಗಿನ ಐದು ದಿನಗಳಲ್ಲಿ ನಿಜಾಮರ ಆಳ್ವಿಕೆ ಕೊನೆಗಂಡಿತು. ಮೊಗಲರ ದಂಡು ತಿಂಗಳುಗಟ್ಟಲೆ ತೆವಳಿದ ದಖ್ಖನದಲ್ಲಿ ಯಂತ್ರವಾಹನಗಳ ದಂಡಿಗೆ ಐದು ದಿನ ಸಾಕಾಯಿತು. ಅದಕ್ಕಿಂತಲೂ ನಮ್ಮ ವಿಷಯಕ್ಕೆ ಮುಖ್ಯವಾದುದು 1956ರ ನವೆಂಬರ್ 1. ಆ ದಿನ ಕಲಬುರ್ಗಿ, ರಾಯಚೂರು, ಬೀದರು ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಸುರಪುರದವನು ಹಿಂದಿನ ರಾತ್ರಿ ಮಲಗುವಾಗ ಅವನ ರಾಜಧಾನಿ 207 ಕಿಲೋಮೀಟರು ದೂರವಿತ್ತು. ಬೆಳಗ್ಗೆ ಏಳುವಾಗ 403 ಕಿಲೋಮೀಟರು. ಹಾಸಿಗೆಯಿಂದ ಕದಲದೆಯೇ ಅವನು ರಾಜಧಾನಿಯಿಂದ ಇಮ್ಮಡಿ ದೂರ ಸರಿದಿದ್ದನು. ಇಷ್ಟಾದರೂ ಈ ಸೀಮೆಯವರು ಅದನ್ನು ಹಬ್ಬವೆಂದು ಬಗೆದರು. ಏತಕ್ಕೆ? ಹತ್ತಿರದ ರಾಜಧಾನಿಯ ಕಚೇರಿಯಲ್ಲಿ ಅರ್ಜಿಯನ್ನು ಉರ್ದುವಿನಲ್ಲಿ ಬರೆಯಿಸಬೇಕಾಗಿತ್ತು. ದೂರದ ರಾಜಧಾನಿಯಲ್ಲಿ ತನ್ನ ತಾಯ್ನುಡಿ ನಡೆಯುವುದೆಂಬ ಭರವಸೆಯಿತ್ತು. ದೂರವನ್ನು ಅಳೆಯುವುದಕ್ಕೆ ಭಾಷೆಯೂ ಒಂದು ಮಾನದಂಡವೆಂಬುದು ಅಂದು ಪ್ರತ್ಯಕ್ಷವಾಯಿತು. ನುಡಿ ಹತ್ತಿರವಾದುದಕ್ಕಾಗಿ ನೆಲದ ದೂರವನ್ನು ಈ ಜನರು ಸಂತೋಷದಿಂದ ಒಪ್ಪಿಕೊಂಡರು.

ಆದರೆ ಒಪ್ಪಿಕೊಂಡ ಮಾತ್ರಕ್ಕೆ ದೂರ ಅಳಿಯದು. ವ್ಯಾಜ್ಯಕ್ಕಾಗಲಿ ನೌಕರಿಗಾಗಲಿ ವರ್ಗಾವಣೆಗಾಗಲಿ ಬೆಂಗಳೂರಿಗೆ ಹೋಗಬೇಕಾದವನು ಯಾದಗಿರಿಯಲ್ಲಿ ರಾತ್ರಿಯ ರೈಲನ್ನು ಹಿಡಿದು ಬೆಳಗಾಗುವಾಗ ಅಲ್ಲಿ ಇಳಿಯುವನು. ಒಂದು ಗಳಿಗೆಯ ಕೆಲಸಕ್ಕೆ ಎರಡು ರಾತ್ರಿ ಒಂದು ಹಗಲು ವೆಚ್ಚವಾಗುವುವು. ಮಳೆ ಕೈಕೊಟ್ಟ ವರುಷ ಅದೇ ರೈಲಿನಲ್ಲಿ ಗುಳೆ ಹೋಗುವ ಕುಟುಂಬಗಳಿಗೆ ಈ ದಾರಿ ಇನ್ನೂ ಉದ್ದವಾಗಿ ತೋರುವುದು. ಏಕೆಂದರೆ ಮರಳಿ ಬರುವ ದಿನ ಅವರ ಚೀಟಿಯಲ್ಲಿ ಬರೆದಿರುವುದಿಲ್ಲ.

ಈ ದೂರವನ್ನು ಕುಗ್ಗಿಸುವ ಉಪಾಯಗಳು ಎರಡು. ಒಂದು, ವಾಹನದ ವೇಗವನ್ನು ಹೆಚ್ಚಿಸುವುದು. 2019ರ ನವೆಂಬರ್ 22ರಂದು ಕಲಬುರ್ಗಿಯ ವಿಮಾನನಿಲ್ದಾಣ ಉದ್ಘಾಟನೆಯಾಗಿ ಬೆಂಗಳೂರಿನ ವಿಮಾನ ಅಲ್ಲಿ ಇಳಿದುದು ಈ ಭಾಗದ ಚರಿತ್ರೆಯಲ್ಲಿ ದೊಡ್ಡ ದಿನವೇ ಸರಿ. ಎರಡು ನಿಲ್ದಾಣಗಳ ನಡುವಣ ನೇರ ಅಂತರ ಸುಮಾರು 460 ಕಿಲೋಮೀಟರು. ಹಾರಾಟಕ್ಕೆ ಒಂದು ಗಂಟೆಯ ಆಸುಪಾಸು. ಆದರೆ ಸುರಪುರದವನ ಲೆಕ್ಕವನ್ನು ಪೂರ್ತಿಯಾಗಿ ಬರೆಯೋಣ. ಮನೆಯಿಂದ ಕಲಬುರ್ಗಿಯ ನಿಲ್ದಾಣ ನೇರವಾಗಿಯೇ 90 ಕಿಲೋಮೀಟರು. ರಸ್ತೆಯಲ್ಲಿ ಅದಕ್ಕೆ ಮಿಕ್ಕು. ಅದಕ್ಕೆ ಎರಡೂವರೆ ಮೂರು ಗಂಟೆ. ಹಾರುವ ಮೊದಲು ತಪಾಸಣೆಗೆಂದು ಒಂದು ಗಂಟೆಗೆ ಮೇಲ್ಪಟ್ಟು ಕಾಯಬೇಕು. ಹಾರಾಟ ಒಂದು ಗಂಟೆ. ಇಳಿದ ಮೇಲೆ ನಗರದ ಒಳಗೆ ಹೋಗಲು ಮತ್ತೆ ಒಂದು ಒಂದೂವರೆ ಗಂಟೆ. ಕೂಡಿಸಿದರೆ ಆರು ಏಳು ಗಂಟೆ. ಗಗನದ ದಾರಿ ಒಂದು ಗಂಟೆಯದಾದರೂ ಮನುಷ್ಯನ ದಾರಿ ಅದರ ಆರೇಳರಷ್ಟು. ಉಗಿಬಂಡಿಯ ಕಾಲದಲ್ಲಿ ಯಾದಗಿರಿಯ ತನಕದ ಬಂಡಿದಾರಿ ಏನು ಮಾಡಿತ್ತೋ, ವಿಮಾನದ ಕಾಲದಲ್ಲಿ ಕಲಬುರ್ಗಿಯ ತನಕದ ರಸ್ತೆ ಅದನ್ನೇ ಮಾಡುವುದು. ಯಂತ್ರ ಹೊಸದಾಯಿತು, ಲೆಕ್ಕ ಹಳೆಯದೇ ಉಳಿಯಿತು. ಟಿಕೇಟಿನ ಬೆಲೆಯ ಮಾತನ್ನು ಇಲ್ಲಿ ಎತ್ತಿಲ್ಲ. ಅದನ್ನು ಸೇರಿಸಿದರೆ ಬಹುಜನರಿಗೆ ಆ ದಾರಿ ಇಲ್ಲವೆಂದೇ ಎಣಿಸಬೇಕು.

ಎರಡನೆಯ ಉಪಾಯ, ಮನುಷ್ಯನನ್ನು ಕಚೇರಿಗೆ ಒಯ್ಯುವುದಕ್ಕೆ ಬದಲಾಗಿ ಕಚೇರಿಯನ್ನು ಮನುಷ್ಯನ ಬಳಿಗೆ ತರುವುದು. 2008ರ ಜುಲೈಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಕಲಬುರ್ಗಿಗೆ ಬಂದಿತು. 2013ರಲ್ಲಿ ಅದು ಖಾಯಂ ಪೀಠವಾಯಿತು. ಸುರಪುರದ ಕಕ್ಷಿದಾರನಿಗೆ ನ್ಯಾಯಾಲಯವು 403 ಕಿಲೋಮೀಟರಿನಿಂದ 90ಕ್ಕೆ ಇಳಿಯಿತು. ಯಾವ ವಿಮಾನವೂ ಯಾವ ರೈಲೂ ಈ ಪ್ರಮಾಣದಲ್ಲಿ ದೂರವನ್ನು ಕುಗ್ಗಿಸಿಲ್ಲ. 2010ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಕಾರ್ಯಾರಂಭ ಮಾಡಿದಾಗ ಜಿಲ್ಲಾ ಕಚೇರಿ ಸುರಪುರಕ್ಕೆ 90ರಿಂದ 49ಕ್ಕೂ, ಶಹಾಪುರಕ್ಕೆ 33ಕ್ಕೂ ಇಳಿಯಿತು. ಅನಂತರ ಹುಣಸಗಿ, ವಡಗೇರಾ, ಗುರುಮಠಕಲ್ಲುಗಳು ತಾಲ್ಲೂಕುಗಳಾದುವು. ಹೆರಿಗೆಯ ನೋವು ತಿನ್ನುವ ಹೆಣ್ಣುಮಗಳಿಗೆ, ಹಾವು ಕಚ್ಚಿದ ಕೂಲಿಗೆ, ಹೊಲದ ಪಹಣಿಯಲ್ಲಿ ಹೆಸರು ತಿದ್ದಿಸಬೇಕಾದ ಮುದುಕನಿಗೆ, ಬೆಂಗಳೂರಿಗೆ ಎಷ್ಟು ಗಂಟೆಯೆಂಬುದು ಪ್ರಶ್ನೆಯೇ ಅಲ್ಲ. ವೈದ್ಯನು ಎಷ್ಟು ಹೊತ್ತಿನ ದಾರಿಯಲ್ಲಿದ್ದಾನೆ, ಕಚೇರಿಗೆ ಹೋಗಿ ಸಂಜೆಯೊಳಗೆ ಮನೆ ಸೇರಬಹುದೇ ಎಂಬುದೇ ಅವರ ರಾಜಧಾನಿಯ ದೂರ.

ಕಚೇರಿಯ ಹಲಗೆ ಹತ್ತಿರ ಬಂದ ಮಾತ್ರಕ್ಕೆ ಕೆಲಸ ಹತ್ತಿರ ಬಂದಿತೆಂದು ತಿಳಿಯುವುದೂ ಸರಿಯಲ್ಲ. ಅಧಿಕಾರಿಯಿಲ್ಲದ ಕಚೇರಿ, ವೈದ್ಯನಿಲ್ಲದ ಆಸ್ಪತ್ರೆ ಇವು ಹೊಳೆ ತುಂಬಿದಾಗಿನ ಊರಿನಂತೆ. ಕಣ್ಣಿಗೆ ಕಾಣುವುವು, ಕಾಲಿಗೆ ಎಟುಕವು. ಹಾಗೆಂದು ವೇಗದ ವಾಹನಗಳು ಬೇಡವೆಂದೂ ನನ್ನ ಅಭಿಪ್ರಾಯವಲ್ಲ. ರೈಲು ಬರಲಿ, ವಿಮಾನವೂ ಹಾರಲಿ. ಆದರೆ ಇವುಗಳ ಯೋಗ್ಯತೆಯನ್ನು ಅಳೆಯುವಾಗ ನಿಲ್ದಾಣದಿಂದ ನಿಲ್ದಾಣಕ್ಕೆ ಹಿಡಿಯುವ ಹೊತ್ತನ್ನು ಎಣಿಸಿದರೆ ಸಾಲದು. ಕೃಷ್ಣಾ ತೀರದ ಕಡೆಯ ಹಳ್ಳಿಯ ಬಾಗಿಲಿನಿಂದ ಎಣಿಸಬೇಕು. ವಾಗಿನಗೇರಿಯ ಮುತ್ತಿಗೆಯಿಂದ ಮೊದಲುಗೊಂಡು ಈ ಸೀಮೆಯ ಚರಿತ್ರೆ ಹೇಳುವುದು ಇದನ್ನೇ. ದಾರಿಗಳು ಮೊದಲು ದಂಡಿಗಾಗಿ, ಆಮೇಲೆ ಸರಕಿಗಾಗಿ, ಎಲ್ಲಕ್ಕೂ ಕಡೆಗೆ ಪ್ರಜೆಗಾಗಿ ತೆರೆದುವು. ಈ ಕ್ರಮವನ್ನು ತಿರುಗಿಸುವುದು ಪ್ರಜಾರಾಜ್ಯದ ಕರ್ತವ್ಯ.

ಕಡೆಯದಾಗಿ ವಾಚಕರಲ್ಲಿ ಒಂದು ಬಿನ್ನಹ. ಯಾದಗಿರಿಯ ಭೀಮೆಯನ್ನು ಹರಿಗೋಲಿನಲ್ಲಿ ದಾಟಿದವರ ಮಾತುಗಳೂ, ಸುರಪುರದಿಂದ ನಿಲ್ದಾಣಕ್ಕೆ ಹತ್ತಿ ಹೇರಿಕೊಂಡು ಹೋಗುತ್ತಿದ್ದ ಬಂಡಿಗಳ ಮಜಲುಗಳ ಹೆಸರುಗಳೂ, ಹೈದರಾಬಾದಿನ ಕಚೇರಿಗೆ ಅಲೆದವರ ನೆನಪುಗಳೂ ಇನ್ನೂ ಕೆಲವು ಮನೆಗಳಲ್ಲಿ ಹಿರಿಯರ ಬಾಯಲ್ಲಿ ಉಳಿದಿರಬಹುದು. ನೇರ ಅಂತರವನ್ನು ಎಂದು ಬೇಕಾದರೂ ಗಣಿತದಿಂದ ತೆಗೆಯಬಹುದು; ನಡೆದ ದಾರಿಯ ಹೊತ್ತನ್ನು ನಡೆದವರ ಹೊರತು ಯಾರೂ ಹೇಳಲಾರರು. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮೆಲ್ಲರ ಕೈಯಲ್ಲಿರುವ ಕೆಲಸವಾಗಿದೆ.